ಧೂಮಕೇತುವಿನ ದಾರಿ, ಧೂಮಕೇತುವಿನ ನಡತೆ

2013ರ ನವೆಂಬರ್ ಮೊದಲ ವಾರ. ನಮ್ಮ ಕನ್ನಡ ಕೂಟದ ದೀಪಾವಳಿ ಮತ್ತು ರಾಜ್ಯೋತ್ಸವದ ಕಾರ್ಯಕ್ರಮ. ಮಕ್ಕಳ ಛದ್ಮವೇಷ ಮುಗಿದು ಊಟದ ಸಾಲು ಶುರುವಾಗುವುದಕ್ಕೆ ಮುಂಚೆ ಸಮಿತಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದರು. ಆಗ ಪತ್ರಿಕೆ, ಟಿವಿ ಎಲ್ಲೆಲ್ಲೂ ಐಸಾನ್ ಧೂಮಕೇತುವಿನ ಸುದ್ದಿ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ರಷ್ಯಾದ ಕಿಸ್ಲೊವೊದ್ಸ್ಕ್ ಬಳಿಯ ದೂರದರ್ಶಕದಿಂದ ಪತ್ತೆಯಾದ ಈ ಧೂಮಕೇತು, ಥ್ಯಾಂಕ್ಸ್‌ಗಿವಿಂಗ್ ದಿನ ಸೂರ್ಯನ ತೀರ ಹತ್ತಿರದಿಂದ ಹಾದುಹೋಗಿ ಡಿಸೆಂಬರಿನಲ್ಲಿ 'ಶತಮಾನದ ಧೂಮಕೇತು'ವಾಗಿ ಬೆಳಗುತ್ತದೆ ಎಂದು ಎಲ್ಲರೂ ಬರೆಯುತ್ತಿದ್ದರು. ನಾನೂ ವೇದಿಕೆಯ ಮೇಲೆ ನಿಂತು ಮಕ್ಕಳಿಗೆ ಮಾತು ಕೊಟ್ಟುಬಿಟ್ಟೆ: "ಡಿಸೆಂಬರ್ ಮೊದಲ ವಾರ ಬೆಳಿಗ್ಗೆ ಬೇಗ ಎದ್ದು ಪೂರ್ವಕ್ಕೆ ನೋಡಿ. ನಿಮ್ಮ ಮೊಮ್ಮಕ್ಕಳಿಗೆ ಹೇಳುವಂಥದ್ದನ್ನು ನೋಡುತ್ತೀರಿ."

ನವೆಂಬರ್ 28ರ ಮಧ್ಯಾಹ್ನ ನಾಲ್ಕೈದು ಕುಟುಂಬಗಳು ನಮ್ಮ ಮನೆಯಲ್ಲಿ ಸೇರಿದ್ದವು. ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡೇ ಎಲ್ಲರೂ ಕಂಪ್ಯೂಟರಿನ ಮುಂದೆ. ಸೋಹೋ ಎಂಬ ಉಪಗ್ರಹ ಕಳಿಸುತ್ತಿದ್ದ ಚಿತ್ರಗಳಲ್ಲಿ ಐಸಾನ್ ಒಂದು ಬಿಳಿ ಗೆರೆಯಾಗಿ ಸೂರ್ಯನ ಕಡೆಗೆ ಸಾಗುತ್ತಿತ್ತು. ಹತ್ತಿರ ಹೋದಂತೆ ಅದರ ತಲೆ ಮಂಕಾಯಿತು. ಸೂರ್ಯನ ಆಚೆ ಬದಿಯಿಂದ ಬೀಸಣಿಗೆಯಾಕಾರದ ಒಂದು ಮಸುಕು ಹೊರಬಂತು. "ಬದುಕಿದೆ!" ಎಂದು ಯಾರೋ ಕೂಗಿದರು. ಎರಡು ದಿನಗಳಲ್ಲಿ ಅದೂ ಕರಗಿಹೋಯಿತು. ಧೂಮಕೇತು ಪುಡಿಯಾಗಿತ್ತು.

ಮುಂದಿನ ಭೇಟಿಯಲ್ಲಿ ಗೆಳೆಯರ ಮಗಳು, ಎಂಟು ವರ್ಷದವಳು, ನೇರವಾಗಿ ಬಂದು ಕೇಳಿದಳು: "ಡಾಕ್ಟರ್ ಅಂಕಲ್, ಬರುತ್ತೆ ಅಂತ ನೀವು ಹೇಳಿದ್ರಲ್ಲ? ನಾನು ಮೂರು ದಿನ ಐದು ಗಂಟೆಗೆ ಎದ್ದಿದ್ದೆ."

ನಾನು ಖಗೋಳ ವಿಜ್ಞಾನಿಯಲ್ಲ. ಮೂವತ್ತು ವರ್ಷಕ್ಕೂ ಮೇಲೆ ರೋಗಿಗಳನ್ನು ನೋಡಿ ನಿವೃತ್ತನಾದ ವೈದ್ಯ. ಆದರೆ ಆ ಮಗುವಿನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುತ್ತ ಧೂಮಕೇತುಗಳ ಚರಿತ್ರೆಯನ್ನು ಓದುವ ಹವ್ಯಾಸ ಬೆಳೆಯಿತು. ಓದಿದಂತೆ ಒಂದು ವಿಷಯ ಸ್ಪಷ್ಟವಾಯಿತು. ಧೂಮಕೇತು ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಮನುಷ್ಯ ಮುನ್ನೂರು ವರ್ಷಗಳ ಹಿಂದೆಯೇ ಕಲಿತ. ಸೂರ್ಯನ ಬಳಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇನ್ನೂ ಪೂರ್ತಿ ಕಲಿತಿಲ್ಲ. ಈ ಎರಡು ಅರಿವುಗಳ ಕಥೆಯನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಲೆಕ್ಕಕ್ಕೆ ಸಿಗದ ಕೇತು

ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಕೇತುಚಾರ ಎಂಬ ಒಂದು ಅಧ್ಯಾಯವೇ ಇದೆ. ಯಾವ ಬಣ್ಣದ, ಯಾವ ಆಕಾರದ ಕೇತು ಕಂಡರೆ ಯಾವ ಫಲ ಎಂಬ ವಿವರ ಅಲ್ಲಿದೆ. ಫಲಗಳನ್ನು ಬದಿಗಿಟ್ಟು ನೋಡಿದರೆ ಎರಡು ಮಾತುಗಳು ಗಮನ ಸೆಳೆಯುತ್ತವೆ. ಮೊದಲನೆಯದು, ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲು ಸಾಧ್ಯವಿಲ್ಲ ಎಂಬ ನೇರ ಒಪ್ಪಿಗೆ. ಗ್ರಹಣವನ್ನು ಘಳಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದ ಜ್ಯೋತಿಷಿ, ಇದು ನಮ್ಮ ಕೈಮೀರಿದ್ದು ಎಂದು ಬರೆದಿಟ್ಟಿದ್ದಾನೆ. ಎರಡನೆಯದು, ಕೇತುಗಳು ಎಷ್ಟು ಎಂಬ ಬಗ್ಗೆ ಇದ್ದ ಭಿನ್ನಮತ. ಕೆಲವರು ನೂರ ಒಂದು ಎನ್ನುತ್ತಾರೆ, ಕೆಲವರು ಸಾವಿರ ಎನ್ನುತ್ತಾರೆ, ನಾರದ ಮುನಿಯಾದರೋ ಇರುವುದು ಒಂದೇ, ಅದೇ ಹಲವು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ ಎನ್ನುತ್ತಾನೆ ಎಂದು ವರಾಹಮಿಹಿರ ದಾಖಲಿಸುತ್ತಾನೆ. ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಹೇಳಲು ಇದನ್ನು ತರುತ್ತಿಲ್ಲ. ಪ್ರಶ್ನೆಗಳು ಎಷ್ಟು ಹಳೆಯವು ಎಂದು ತೋರಿಸಲು ಮಾತ್ರ.

ಪಶ್ಚಿಮದಲ್ಲಿ ಅರಿಸ್ಟಾಟಲ್ ಹೇಳಿದ್ದೇ ಬಹುಕಾಲ ನಡೆಯಿತು. ಭೂಮಿಯಿಂದ ಏಳುವ ಒಣ ಆವಿ ಮೇಲಿನ ಗಾಳಿಯಲ್ಲಿ ಹೊತ್ತಿಕೊಂಡಾಗ ಧೂಮಕೇತು ಕಾಣುತ್ತದೆ, ಅದು ಆಕಾಶಕಾಯವೇ ಅಲ್ಲ ಎಂಬ ಅಭಿಪ್ರಾಯ ಅದು. ಮಳೆ, ಗುಡುಗು, ಸಿಡಿಲುಗಳ ಸಾಲಿಗೆ ಅದನ್ನೂ ಸೇರಿಸಿದ್ದರು.

ಇದಕ್ಕೆ ಮೊದಲ ಪೆಟ್ಟು ಬಿದ್ದದ್ದು ಬಾಲವನ್ನು ಗಮನವಿಟ್ಟು ನೋಡಿದವರಿಂದ. ಬಾಲ ಸೂರ್ಯನಿಗೆ ವಿಮುಖವಾಗಿರುತ್ತದೆ ಎಂಬುದನ್ನು ಚೀನಾದ ಆಸ್ಥಾನ ವೀಕ್ಷಕರು ಒಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರು. ಯೂರೋಪಿನಲ್ಲಿ ಇದನ್ನು ಹೇಳಿದವರು ಇಬ್ಬರು. ಒಬ್ಬ ಜರ್ಮನಿಯ ಪೀಟರ್ ಏಪಿಯಾನ್. 1531ರ ಧೂಮಕೇತುವನ್ನು ದಿನದಿನವೂ ನೋಡಿ ಚಿತ್ರ ಬರೆದವನು. ಇನ್ನೊಬ್ಬ ಇಟಲಿಯ ವೆರೋನಾದ ಜಿರೊಲಾಮೋ ಫ್ರಾಕಾಸ್ಟೊರೊ. ಈ ಹೆಸರು ಓದಿದಾಗ ನನಗೆ ಆಶ್ಚರ್ಯವಾಯಿತು, ಏಕೆಂದರೆ ವೈದ್ಯಕೀಯ ಕಾಲೇಜಿನಲ್ಲಿ ನಾವು ಇವನ ಹೆಸರನ್ನು ಬೇರೆಯೇ ಕಾರಣಕ್ಕೆ ಕಲಿತಿದ್ದೆವು. ಸಿಫಿಲಿಸ್ ರೋಗಕ್ಕೆ ಆ ಹೆಸರು ಬಂದದ್ದು ಇವನ ಕಾವ್ಯದಿಂದ. ಸಾಂಕ್ರಾಮಿಕ ರೋಗಗಳು ಕಣ್ಣಿಗೆ ಕಾಣದ ಬೀಜಗಳಿಂದ ಹರಡುತ್ತವೆ ಎಂದು 1546ರಲ್ಲಿ ಬರೆದವನೂ ಇವನೇ. ರೋಗಿಯ ಮೈ ನೋಡುವ ಕಣ್ಣು ಆಕಾಶವನ್ನೂ ಹಾಗೇ ನೋಡಿತ್ತು. ಬಾಲ ಯಾವಾಗಲೂ ಸೂರ್ಯನಿಂದ ಆಚೆಗೇ ತಿರುಗಿದ್ದರೆ ಧೂಮಕೇತುವಿಗೂ ಸೂರ್ಯನಿಗೂ ಏನೋ ಸಂಬಂಧವಿದೆ ಎಂದಾಯಿತು.

1577ರಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆ ಮುಂದಿನ ಹೆಜ್ಜೆ ಇಟ್ಟ. ಎರಡು ಬೇರೆ ಊರುಗಳಿಂದ ನೋಡಿದಾಗ ಚಂದ್ರ ನಕ್ಷತ್ರಗಳ ಹಿನ್ನೆಲೆಯಲ್ಲಿ ಸ್ವಲ್ಪ ಸರಿದಂತೆ ಕಾಣುತ್ತಾನೆ. ಆ ವರ್ಷದ ದೊಡ್ಡ ಧೂಮಕೇತು ಅಷ್ಟೂ ಸರಿಯಲಿಲ್ಲ. ಎಂದರೆ ಅದು ಚಂದ್ರನಿಗಿಂತ ಬಹಳ ದೂರದಲ್ಲಿತ್ತು. ಗುಡುಗು ಮಿಂಚುಗಳ ಸಾಲಿನಿಂದ ಗ್ರಹಗಳ ಸಾಲಿಗೆ ಅದಕ್ಕೆ ಬಡ್ತಿ ಸಿಕ್ಕಿತು.

ದಾರಿ ಸಿಕ್ಕಿತು

1680ರ ನವೆಂಬರಿನಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಕಿರ್ಖ್ ಒಂದು ಧೂಮಕೇತುವನ್ನು ಕಂಡ. ದೂರದರ್ಶಕದಿಂದ ಪತ್ತೆಯಾದ ಮೊದಲ ಧೂಮಕೇತು ಅದು. ಬೆಳಗಿನ ಜಾವ ಸೂರ್ಯನ ಕಡೆಗೆ ಹೋಗುತ್ತ ಅದು ಮರೆಯಾಯಿತು. ಡಿಸೆಂಬರಿನಲ್ಲಿ ಸಂಜೆಯ ಆಕಾಶದಲ್ಲಿ ಅತಿ ಉದ್ದದ ಬಾಲವಿದ್ದ ಇನ್ನೊಂದು ಕಾಣಿಸಿತು. ಗ್ರೀನಿಚ್‌ನ ಜಾನ್ ಫ್ಲ್ಯಾಮ್‌ಸ್ಟೀಡ್ ಇವೆರಡೂ ಒಂದೇ, ಹೋದದ್ದೇ ತಿರುಗಿ ಬಂದಿದೆ ಎಂದ. ಐಸಾಕ್ ನ್ಯೂಟನ್ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದ್ದು ಮಾತ್ರವಲ್ಲ, ಅದೇ ಧೂಮಕೇತುವನ್ನು ತನ್ನ ಗುರುತ್ವ ನಿಯಮದ ದೊಡ್ಡ ಸಾಕ್ಷಿಯಾಗಿ ಮಾಡಿಕೊಂಡ. 1687ರ 'ಪ್ರಿನ್ಸಿಪಿಯಾ'ದಲ್ಲಿ ಅದರ ಪಥವನ್ನು ಲೆಕ್ಕ ಹಾಕಿ ತೋರಿಸಿದ. ಸೂರ್ಯನನ್ನು ಸುತ್ತುಹಾಕಿಕೊಂಡು ಹಿಂತಿರುಗುವ ಚೂಪು ತಿರುವಿನ ದಾರಿ ಅದು.

ಆ ದಾರಿಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದುವನ್ನು ಖಗೋಳದ ಪುಸ್ತಕಗಳಲ್ಲಿ ಪುರರವಿ ಎನ್ನುತ್ತಾರೆ. 1680ರ ಧೂಮಕೇತು ಪುರರವಿಯಲ್ಲಿ ಸೂರ್ಯನ ಮೇಲ್ಮೈಯಿಂದ ಸುಮಾರು 2.3 ಲಕ್ಷ ಕಿಲೋಮೀಟರ್ ದೂರದಲ್ಲಿತ್ತು. ನಮಗೂ ಚಂದ್ರನಿಗೂ ಇರುವ ಅಂತರಕ್ಕಿಂತ ಕಡಿಮೆ. ಅಲ್ಲಿ ಅದು ಕಾದು ಕೆಂಪಾದ ಕಬ್ಬಿಣಕ್ಕಿಂತ 2000 ಪಟ್ಟು ಬಿಸಿಯಾಗಿರಬೇಕು ಎಂದು ನ್ಯೂಟನ್ ಲೆಕ್ಕ ಹಾಕಿದ. ಅಷ್ಟು ಬಿಸಿಯನ್ನು ತಾಳಿಕೊಂಡಿದೆ ಎಂದರೆ ಧೂಮಕೇತು ಗ್ರಹಗಳಂತೆ ಗಟ್ಟಿಯಾದ, ಬಾಳಿಕೆಯ ಕಾಯವೇ ಇರಬೇಕು ಎಂಬ ತೀರ್ಮಾನಕ್ಕೆ ಬಂದ. ದಾರಿಯ ವಿಷಯದಲ್ಲಿ ಅವನು ಹೇಳಿದ್ದು ಸರಿ. ಆ ಕಾಯದ ಗಟ್ಟಿತನದ ವಿಷಯದಲ್ಲಿ ಹೇಳಿದ್ದು ತಪ್ಪು. ನ್ಯೂಟನ್‌ನಂಥವನೇ ಒಂದೇ ಪುಸ್ತಕದಲ್ಲಿ ಹೀಗೆ ಅರ್ಧ ಗೆದ್ದು ಅರ್ಧ ಸೋತದ್ದು ನನಗಂತೂ ಸಮಾಧಾನ ಕೊಟ್ಟಿದೆ.

ನ್ಯೂಟನ್‌ನ ಗೆಳೆಯ ಎಡ್ಮಂಡ್ ಹ್ಯಾಲಿ ಅದೇ ವಿಧಾನದಲ್ಲಿ 24 ಧೂಮಕೇತುಗಳ ಪಥಗಳನ್ನು ಲೆಕ್ಕ ಹಾಕಿ 1705ರಲ್ಲಿ ಪ್ರಕಟಿಸಿದ. 1531, 1607 ಮತ್ತು 1682ರ ಧೂಮಕೇತುಗಳ ದಾರಿ ಹೆಚ್ಚುಕಡಿಮೆ ಒಂದೇ ಆಗಿತ್ತು. 1531ರದು ಏಪಿಯಾನ್ ಚಿತ್ರ ಬರೆದದ್ದೇ. ಮೂರೂ ಒಂದೇ ಕಾಯ, 1758ರ ಸುಮಾರಿಗೆ ಮತ್ತೆ ಬರುತ್ತದೆ ಎಂದು ಹ್ಯಾಲಿ ಹೇಳಿದ. 1742ರಲ್ಲಿ ಅವನು ತೀರಿಕೊಂಡ. ಪ್ಯಾರಿಸ್ಸಿನಲ್ಲಿ ಅಲೆಕ್ಸಿ ಕ್ಲೆರೋ, ಲಲಾಂಡ್ ಮತ್ತು ನಿಕೋಲ್ ರೆನ್ ಲೆಪೋಟ್ ಎಂಬ ಮಹಿಳೆ ತಿಂಗಳುಗಟ್ಟಲೆ ಕೈಯಲ್ಲೇ ಲೆಕ್ಕ ಮಾಡಿದರು. ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಅದು 618 ದಿನ ತಡವಾಗುತ್ತದೆ, 1759ರ ಏಪ್ರಿಲ್ ನಡುವಿಗೆ ಪುರರವಿ, ಒಂದು ತಿಂಗಳು ಆಚೀಚೆ ಆಗಬಹುದು ಎಂದು ಮೊದಲೇ ತಿಳಿಸಿದರು. 1758ರ ಕ್ರಿಸ್‌ಮಸ್ ರಾತ್ರಿ ಡ್ರೆಸ್ಡೆನ್ ಬಳಿಯ ರೈತ ಯೊಹಾನ್ ಪಾಲಿಟ್ಸ್ಚ್ ಅದನ್ನು ಮೊದಲು ಕಂಡ. ಅದು ಪುರರವಿ ತಲುಪಿದ್ದು 1759ರ ಮಾರ್ಚ್ 13ರಂದು. ವರಾಹಮಿಹಿರ ಆಗದು ಎಂದು ಬರೆದಿಟ್ಟದ್ದು ಆಯಿತು. ಕೇತುವಿನ ಉದಯ ಗಣಿತಕ್ಕೆ ಸಿಕ್ಕಿತು.

ಸೂರ್ಯನನ್ನು ಸವರಿ ಹೋಗುವವು

ಇನ್ನು ಎಲ್ಲ ಗೊತ್ತಾಯಿತು ಎಂದುಕೊಳ್ಳುವಷ್ಟರಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬಗೆಯ ಅತಿಥಿಗಳು ಬಂದವು. 1843ರ ಫೆಬ್ರುವರಿ 27ರಂದು ಒಂದು ಧೂಮಕೇತು ಸೂರ್ಯನ ಮೇಲ್ಮೈಯಿಂದ ಸುಮಾರು 1.3 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಹಟ್ಟಹಗಲಲ್ಲಿ, ಸೂರ್ಯನನ್ನು ಕೈಯಿಂದ ಮರೆಮಾಡಿದರೆ ಪಕ್ಕದಲ್ಲೇ ಕಾಣುತ್ತಿತ್ತು.

1882ರ ಸೆಪ್ಟೆಂಬರ್ 17ರದು ಇನ್ನೂ ವಿಚಿತ್ರ. ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿ ಫಿನ್ಲೇ ಮತ್ತು ಎಲ್ಕಿನ್ ಎಂಬ ಇಬ್ಬರು ಬೇರೆ ಬೇರೆ ದೂರದರ್ಶಕಗಳಲ್ಲಿ ನೋಡುತ್ತಿದ್ದಂತೆಯೇ ಧೂಮಕೇತು ಸೂರ್ಯನ ಅಂಚನ್ನು ಮುಟ್ಟಿ ಮಾಯವಾಯಿತು. ಅದು ಹಿಂದೆ ಹೋಗಿರಲಿಲ್ಲ, ಸೂರ್ಯನ ಮುಂದೆಯೇ ಹಾದುಹೋಗುತ್ತಿತ್ತು. ಆದರೂ ಬಿಂಬದ ಮೇಲೆ ಒಂದು ಕಪ್ಪು ಚುಕ್ಕೆಯೂ ಕಾಣಲಿಲ್ಲ. ಕೋಟ್ಯಂತರ ಕಿಲೋಮೀಟರ್ ಬಾಲ ಬಿಡುವ ಕಾಯದ ನಡುವೆ ಗಟ್ಟಿಯಾದದ್ದು ಎಷ್ಟು ಚಿಕ್ಕದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸೂರ್ಯನನ್ನು ದಾಟಿದ ಮೇಲೆ ಅದರ ನಡುಭಾಗ ಒಡೆದು ದಾರದಲ್ಲಿ ಪೋಣಿಸಿದ ಮಣಿಗಳಂತೆ ಕಂಡಿತು. ಆ ವೀಕ್ಷಣಾಲಯದ ಮುಖ್ಯಸ್ಥ ಡೇವಿಡ್ ಗಿಲ್ ತೆಗೆಸಿದ ಛಾಯಾಚಿತ್ರಗಳಲ್ಲಿ ಧೂಮಕೇತುವಿನ ಹಿಂದೆ ನಕ್ಷತ್ರಗಳು ಎಷ್ಟು ಚೆನ್ನಾಗಿ ಮೂಡಿದ್ದವೆಂದರೆ, ಆಕಾಶದ ನಕ್ಷೆಯನ್ನೇ ಕ್ಯಾಮೆರಾದಿಂದ ಮಾಡಬಹುದು ಎಂಬ ಯೋಚನೆ ಅಲ್ಲಿಂದ ಹೊರಟಿತು.

ಜರ್ಮನಿಯ ಕೀಲ್ ನಗರದ ಹೈನ್‌ರಿಖ್ ಕ್ರಾಯ್ಟ್ಸ್ 1888ರಿಂದ ಮುಂದೆ ಇಂಥ ಧೂಮಕೇತುಗಳ ಪಥಗಳನ್ನು ಹೋಲಿಸಿದ. 1843ರದೂ 1882ರದೂ ಸೇರಿ ಹಲವು ಒಂದೇ ದಾರಿ ಹಿಡಿದಿದ್ದವು. ಹಾಗೆಂದು ಇವು ಹ್ಯಾಲಿಯಂತೆ ಒಂದೇ ಕಾಯದ ಮರುಭೇಟಿಗಳಾಗಿರಲಿಲ್ಲ. ಬಹಳ ಹಿಂದೆ ಸೂರ್ಯನ ಬಳಿ ಒಡೆದುಹೋದ ಒಂದು ದೊಡ್ಡ ಧೂಮಕೇತುವಿನ ತುಂಡುಗಳು, ಒಂದೇ ತಾಯಿಯ ಮಕ್ಕಳು. ನಾರದನ ಹೆಸರಿನಲ್ಲಿ ಬಂದ 'ಒಂದೇ ಕೇತು, ಹಲವು ರೂಪ' ಎಂಬ ಮಾತು ಇಲ್ಲಿ ನೆನಪಾಗದೆ ಇರದು. ಕಾಕತಾಳೀಯವೇ ಇರಲಿ, ಕೇಳಲು ಚೆನ್ನಾಗಿದೆ.

ಅಜ್ಜಿಯ 1910, ಅಪ್ಪನ 1986

ನಮ್ಮಜ್ಜಿ ತನ್ನ ಏಳೆಂಟು ವರ್ಷದಲ್ಲಿ ಮಲೆನಾಡಿನ ಮನೆಯ ಅಂಗಳದಿಂದ 'ಬಾಲಚುಕ್ಕಿ' ನೋಡಿದ್ದಳಂತೆ. ಅದು 1910. ಆ ವರ್ಷ ಜನವರಿಯಲ್ಲಿ ಹಗಲಲ್ಲೂ ಕಂಡ ಒಂದು ದೊಡ್ಡ ಧೂಮಕೇತು ಬಂದಿತ್ತು, ಮೇ ತಿಂಗಳಲ್ಲಿ ಹ್ಯಾಲಿ ಬಂತು. ಅಜ್ಜಿ ನೋಡಿದ್ದು ಯಾವುದನ್ನೋ, ಕೇಳಿ ತಿಳಿಯುವ ಬುದ್ಧಿ ನನಗೆ ಬರುವ ಹೊತ್ತಿಗೆ ಅವಳಿರಲಿಲ್ಲ.

ಆ ಮೇ ತಿಂಗಳಲ್ಲಿ ಭೂಮಿ ಹ್ಯಾಲಿಯ ಬಾಲದೊಳಗಿಂದ ಹಾದುಹೋಗುವುದಿತ್ತು. ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲ ಇದೆ ಎಂದು ರೋಹಿತದರ್ಶಕದಿಂದ ತಿಳಿದಿತ್ತು. ಸುದ್ದಿ ಹಬ್ಬಿ ಅಮೆರಿಕದಲ್ಲಿ ಧೂಮಕೇತುವಿನ ವಿಷಕ್ಕೆ ಮಾತ್ರೆಗಳು ಮಾರಾಟವಾದವು! ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿ ಕೂತವರೂ ಇದ್ದರು. ಆ ಬಾಲ ಎಷ್ಟು ತೆಳುವೆಂದರೆ ಯಾರಿಗೂ ಏನೂ ಆಗಲಿಲ್ಲ. ಕೋವಿಡ್ ಕಾಲದಲ್ಲಿ ವಾಟ್ಸಾಪಿನಲ್ಲಿ ಬರುತ್ತಿದ್ದ ಔಷಧಗಳ ಪಟ್ಟಿಯನ್ನು ನೋಡಿದ ನಾವು ಆ ಜನರನ್ನು ನೋಡಿ ನಗುವ ಹಾಗಿಲ್ಲ.

ಧೂಮಕೇತು ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು 1950ರಲ್ಲಿ. ಹಾರ್ವರ್ಡಿನ ಫ್ರೆಡ್ ವಿಪ್ಪಲ್ ಅದನ್ನು ಮಂಜು ಮತ್ತು ದೂಳು ಕಲಸಿದ ಗಡ್ಡೆ ಎಂದರು. ಕೊಳೆ ಹಿಮದ ಉಂಡೆ ಎಂಬ ಹೆಸರೇ ಮುಂದೆ ರೂಢಿಯಾಯಿತು. ಮರುವರ್ಷ ಜರ್ಮನಿಯ ಲುಡ್ವಿಗ್ ಬಿಯರ್ಮನ್ ಬಾಲದ ದಿಕ್ಕಿನ ಗುಟ್ಟು ಬಿಡಿಸಿದರು. ಸೂರ್ಯನಿಂದ ಸದಾ ವಿದ್ಯುದಾವೇಶದ ಕಣಗಳು ಹೊರಹೊಮ್ಮುತ್ತಿವೆ, ಅವೇ ಬಾಲದ ಅನಿಲವನ್ನು ಆಚೆಗೆ ಒಯ್ಯುತ್ತವೆ ಎಂದರು. 1958ರಲ್ಲಿ ಷಿಕಾಗೋದ ಯೂಜೀನ್ ಪಾರ್ಕರ್ ಅದರ ಸಿದ್ಧಾಂತ ಕೊಟ್ಟು ಸೌರ ಮಾರುತ ಎಂದು ಹೆಸರಿಟ್ಟರು. ಫ್ರಾಕಾಸ್ಟೊರೊ ಕಂಡ ಲಕ್ಷಣಕ್ಕೆ ಕಾರಣ ಸಿಗಲು 400 ವರ್ಷ ಬೇಕಾಯಿತು.

ಈ ಚರಿತ್ರೆಯಲ್ಲಿ ನಮ್ಮ ನಾಡಿನವರ ಒಂದು ಪುಟವೂ ಇದೆ. 1949ರ ಜುಲೈನಲ್ಲಿ, ಹೈದರಾಬಾದಿನಿಂದ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡಿಗೆ ಬಂದಿದ್ದ 21 ವರ್ಷದ ವೇಣು ಬಾಪು, ಛಾಯಾಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಅದಕ್ಕೆ ಬಾಪು, ಬೋಕ್, ನ್ಯೂಕರ್ಕ್ ಎಂದು ಮೂವರ ಹೆಸರಿದೆ. ಅವರು ಇಲ್ಲೇ ಉಳಿಯಬಹುದಿತ್ತು, ಹಿಂತಿರುಗಿದರು. ಕಾವಲೂರಿನ ವೀಕ್ಷಣಾಲಯವನ್ನೂ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನೂ ಕಟ್ಟಿದರು. ನಾವು ಹಿಂತಿರುಗದೆ ಉಳಿದವರು ಅವರ ಹೆಸರು ಓದಿದಾಗ ಒಂದು ಕ್ಷಣ ಸುಮ್ಮನಾಗುತ್ತೇವೆ.

1986ರಲ್ಲಿ ಹ್ಯಾಲಿ ಮತ್ತೆ ಬಂದಾಗ ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಅಜ್ಜಿ ಹೇಳಿದ್ದನ್ನು ಕೇಳುತ್ತ ಬೆಳೆದ ಅಪ್ಪ, ಮೇಷ್ಟರ ಕೆಲಸದಿಂದ ರಜೆ ಹಾಕಿ, ಅದನ್ನು ನೋಡಲೆಂದೇ ಬಸ್ಸಿನಲ್ಲಿ ಬಂದಿದ್ದರು. ಯುಗಾದಿಗೆ ಎರಡು ದಿನ ಮುಂಚೆ, ರಾತ್ರಿ ಎರಡೂವರೆಗೆ, ಕ್ವಾರ್ಟರ್ಸ್ ಹಿಂದಿನ ಬಯಲಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದೆವು. ಒದ್ದೆ ಹತ್ತಿಯ ಉಂಡೆಯಂಥ ಒಂದು ಮಸುಕು. ಬಾಲ ಇತ್ತು ಎಂದು ನಾನು ಹಟ ಹಿಡಿದೆ. ಅಪ್ಪ ಬಹಳ ಹೊತ್ತು ನೋಡಿ, "ಇದೇನಾ ಮಾರಾಯ, ಅಮ್ಮ ಹೇಳಿದ್ದು?" ಎಂದರು. ಬೇಜಾರು ತೋರಿಸದೆ ಕಂಬಳಿ ಹೊದ್ದು ಒಳಗೆ ಹೋದರು.

ತಪ್ಪು ಧೂಮಕೇತುವಿನದಲ್ಲ. ಆ ಫೆಬ್ರುವರಿಯಲ್ಲಿ ಅದು ಪುರರವಿಯಲ್ಲಿದ್ದಾಗ ಸೂರ್ಯನ ಒಂದು ಬದಿಗೆ ಅದು, ಇನ್ನೊಂದು ಬದಿಗೆ ಭೂಮಿ. ಅತಿ ಚೆನ್ನಾಗಿ ಬೆಳಗಿದ ಹೊತ್ತಿನಲ್ಲಿ ನಮಗೆ ಕಾಣಲಿಲ್ಲ. ನಮಗೆ ಕಾಣದಿದ್ದರೂ ಯೂರೋಪಿನ ಜಿಯೊಟ್ಟೊ ನೌಕೆ ಮಾರ್ಚ್ 14ರಂದು 600 ಕಿಲೋಮೀಟರಿಗೂ ಕಡಿಮೆ ದೂರದಿಂದ ಅದರ ನಡುಗಡ್ಡೆಯನ್ನು ನೋಡಿತು. ಸುಮಾರು 15 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ, ಆಲೂಗಡ್ಡೆಯ ಆಕಾರ. ಬೆಳ್ಳಗೆ ಹೊಳೆಯುವ ಮಂಜಿನ ಬದಲು ಇದ್ದಿಲಿಗಿಂತ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ಹಿಂದಕ್ಕೆ ಬರುತ್ತಿತ್ತು. ಸೂರ್ಯನ ಕಡೆಯ ಮೈಯಿಂದ ಮಾತ್ರ, ಕೆಲವೇ ಬಿರುಕುಗಳಿಂದ, ಅನಿಲ ಚಿಮ್ಮುತ್ತಿತ್ತು.

ಸೂರ್ಯನ ಬಳಿ ನಡೆಯುವುದೇನು?

ಕರ್ಪೂರದ ಡಬ್ಬಿಯ ಮುಚ್ಚಳ ಮುಚ್ಚಲು ಮರೆತರೆ ಏನಾಗುತ್ತದೆ ಎಂದು ನಮ್ಮೆಲ್ಲರ ಮನೆಯ ದೇವರ ಗೂಡಿಗೆ ಗೊತ್ತು. ಕರ್ಪೂರ ಕರಗಿ ನೀರಾಗದೆ ನೇರ ಆವಿಯಾಗುತ್ತದೆ. ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಮಂಜೂ ಹಾಗೆಯೇ. ಸೂರ್ಯನಿಂದ ಸುಮಾರು 45 ಕೋಟಿ ಕಿಲೋಮೀಟರ್ ಒಳಗೆ ಬಂದ ಮೇಲೆ ನೀರಿನ ಮಂಜು ಜೋರಾಗಿ ಆವಿಯಾಗಲು ತೊಡಗುತ್ತದೆ. ಇಂಗಾಲದ ಮೊನಾಕ್ಸೈಡಿನಂಥ ಮಂಜುಗಳು ಇನ್ನೂ ದೂರದಲ್ಲೇ ಆವಿಯಾಗುತ್ತವೆ. ಹೊರಬರುವ ಆವಿ ದೂಳನ್ನು ಎಳೆದುಕೊಂಡು ಬರುತ್ತದೆ. ನಡುಗಡ್ಡೆಯ ಸುತ್ತ ಸಾವಿರಾರು ಕಿಲೋಮೀಟರಿನ ಮಬ್ಬು ಕವಿಯುತ್ತದೆ. ದೂಳನ್ನು ಸೂರ್ಯನ ಬೆಳಕು ಒತ್ತಿ ಹಳದಿ ಬಣ್ಣದ ಬಾಗಿದ ಬಾಲವಾಗಿಸುತ್ತದೆ. ಆವೇಶಗೊಂಡ ಅನಿಲವನ್ನು ಸೌರ ಮಾರುತ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬೀಸಿ ನೀಲಿ ಬಣ್ಣದ ನೇರ ಬಾಲವಾಗಿಸುತ್ತದೆ. ಆದ್ದರಿಂದ ಬಾಲ ಒಂದಲ್ಲ, ಎರಡು. ಸೂರ್ಯನನ್ನು ಬಿಟ್ಟು ಹೊರಡುವಾಗ ಧೂಮಕೇತು ಬಾಲವನ್ನು ಹಿಂದೆ ಎಳೆದುಕೊಂಡು ಹೋಗುವುದಿಲ್ಲ, ಮುಂದಿಟ್ಟುಕೊಂಡು ಹೋಗುತ್ತದೆ.

ಇನ್ನೂ ಹತ್ತಿರ ಹೋದರೆ ಕಷ್ಟಗಳು ಒಂದರ ಮೇಲೊಂದು. ಚಿಮ್ಮುವ ಅನಿಲ ಸಣ್ಣ ರಾಕೆಟ್ಟಿನಂತೆ ತಳ್ಳಿ ಗಡ್ಡೆಯ ತಿರುಗುವಿಕೆಯನ್ನೇ ಬದಲಾಯಿಸುತ್ತದೆ. ರೊಸೆಟ್ಟಾ ನೌಕೆ 2014ರಿಂದ 2016ರವರೆಗೆ ಜೊತೆಗಿದ್ದು ನೋಡಿದ ಚುರ್ಯುಮೋವ್–ಗೆರಾಸಿಮೆಂಕೊ ಧೂಮಕೇತುವಿನ ಒಂದು ಸುತ್ತಿನ ಅವಧಿ, 2015ರ ಪುರರವಿಯ ಆಚೀಚೆ ಸುಮಾರು 20 ನಿಮಿಷ ಕಡಿಮೆಯಾಯಿತು. ಅದರ ಸಾಂದ್ರತೆ ನೀರಿನ ಅರ್ಧದಷ್ಟು. ಒಳಗೆಲ್ಲ ಪೊಳ್ಳು, ಬೆಲ್ಲದ ಪಾಕ ಸಾಲದ ಮಂಡಕ್ಕಿ ಉಂಡೆ ಎನ್ನಬಹುದು. ಬೇಗ ತಿರುಗಿದರೆ ಬಿರುಕು ಬಿಡುತ್ತದೆ. ತೀರ ಸಮೀಪದಲ್ಲಿ ಸೂರ್ಯನ ಗುರುತ್ವ ಹತ್ತಿರದ ಬದಿಯನ್ನು ಹೆಚ್ಚು, ದೂರದ ಬದಿಯನ್ನು ಕಡಿಮೆ ಎಳೆದು ಸೀಳುತ್ತದೆ. ಅಲ್ಲಿ ದೂಳೂ ಆವಿಯಾಗುತ್ತದೆ. 1965ರಲ್ಲಿ ಜಪಾನಿನ ಇಬ್ಬರು ಹವ್ಯಾಸಿಗಳು ಕಂಡುಹಿಡಿದ ಇಕೆಯಾ–ಸೆಕಿ ಸೂರ್ಯನನ್ನು ಸವರಿ ಹೋದಾಗ ಅದರ ಬೆಳಕಿನಲ್ಲಿ ಕಬ್ಬಿಣ, ನಿಕಲ್‌ಗಳ ಆವಿಯ ಗುರುತು ಸಿಕ್ಕಿತು.

1995ರ ಡಿಸೆಂಬರಿನಲ್ಲಿ ಹಾರಿಸಿದ ಸೋಹೋ, ಒಂದು ತಟ್ಟೆಯಿಂದ ಸೂರ್ಯಬಿಂಬವನ್ನು ಮರೆಮಾಡಿ ಕೃತಕ ಗ್ರಹಣ ಉಂಟುಮಾಡಿ ಸುತ್ತಲಿನದನ್ನು ನೋಡುತ್ತದೆ. ಅದು ಕಂಡ ಧೂಮಕೇತುಗಳ ಸಂಖ್ಯೆ 2024ರ ಮಾರ್ಚಿನಲ್ಲಿ 5000 ಮುಟ್ಟಿತು. ಬಹುಪಾಲು ಕ್ರಾಯ್ಟ್ಸ್ ಕುಟುಂಬದ ಸಣ್ಣ ತುಣುಕುಗಳು, ಹೆಚ್ಚಿನವು ತಿರುಗಿ ಬರುವುದೇ ಇಲ್ಲ.

ಈಗ ನನ್ನ ಎರಡು ರೋಗಿಗಳನ್ನು ಅಕ್ಕಪಕ್ಕದಲ್ಲಿ ಮಲಗಿಸಿ ನೋಡಿ. 2011ರ ಡಿಸೆಂಬರ್ 16ರಂದು, ಆಸ್ಟ್ರೇಲಿಯಾದ ಟೆರಿ ಲವ್‌ಜಾಯ್ ಕಂಡುಹಿಡಿದ ಧೂಮಕೇತು ಸೂರ್ಯನ ಮೇಲ್ಮೈಯಿಂದ ಸುಮಾರು 1.4 ಲಕ್ಷ ಕಿಲೋಮೀಟರಿನಲ್ಲಿ ಹಾದುಹೋಯಿತು. ಉಳಿಯುವುದಿಲ್ಲ ಎಂದು ಬಹುತೇಕ ಎಲ್ಲರೂ ಕೈಬಿಟ್ಟಿದ್ದರು. ಅದು ಆಚೆ ಬದಿಯಿಂದ ಹೊರಬಂತು. ಒಂದೆರಡು ದಿನಗಳಲ್ಲಿ ನಡುಗಡ್ಡೆ ಒಡೆದರೂ ದಕ್ಷಿಣ ಗೋಳಾರ್ಧದವರಿಗೆ ಕ್ರಿಸ್‌ಮಸ್‌ವರೆಗೆ ಭವ್ಯವಾದ ಬಾಲ ತೋರಿಸಿತು. ಎರಡು ವರ್ಷದ ನಂತರದ ಐಸಾನ್ ಹಾದುಹೋದದ್ದು ಮೇಲ್ಮೈಯಿಂದ ಸುಮಾರು 11.6 ಲಕ್ಷ ಕಿಲೋಮೀಟರಿನಲ್ಲಿ, ಎಂಟು ಪಟ್ಟು ದೂರದಲ್ಲಿ. ಅದು ಉಳಿಯಲಿಲ್ಲ. ಸೌರವ್ಯೂಹದ ಹೊರ ಅಂಚಿನ ಊರ್ಟ್ ಮೋಡದಿಂದ ಮೊದಲ ಬಾರಿ ಒಳಬಂದದ್ದು ಅದು. ಅಂಥವು ಬೇಗ ಆವಿಯಾಗುವ ಮಂಜನ್ನು ದೂರದಲ್ಲೇ ಸುರಿದು ಜೋರಾಗಿ ಬೆಳಗಿ ಆಸೆ ಹುಟ್ಟಿಸುತ್ತವೆ. 1973ರಲ್ಲಿ ಕೊಹೌಟೆಕ್ ಧೂಮಕೇತು ಇದೇ ಆಸೆ ಹುಟ್ಟಿಸಿ ಜಗತ್ತನ್ನೇ ನಿರಾಸೆಗೊಳಿಸಿತ್ತು. ಪಾಠ ಇತ್ತು, ನಾನು ಓದಿರಲಿಲ್ಲ.

ಮಗುವಿಗೆ ಕೊಡಬೇಕಾದ ಉತ್ತರ

ಆ ಮಗುವಿನ ಪ್ರಶ್ನೆ ನನಗೆ ಅಷ್ಟು ತಾಕಿದ್ದಕ್ಕೆ ಇನ್ನೊಂದು ಕಾರಣವಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಇಲ್ಲಿ ನಮ್ಮವರೇ ಒಬ್ಬರ ತಾಯಿ ನನ್ನ ಆರೈಕೆಯಲ್ಲಿದ್ದರು. ಕಾಯಿಲೆ ಯಾವುದು, ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ. "ಎಷ್ಟು ದಿನ ಡಾಕ್ಟ್ರೇ?" ಎಂದು ಮಗಳು ಕೇಳಿದರು. "ಮೂರು ತಿಂಗಳು" ಎಂದೆ. ಮೈಸೂರಿನಲ್ಲಿದ್ದ ಮಗ ನನ್ನ ಮಾತು ನಂಬಿ ಮುಂದಿನ ತಿಂಗಳಿಗೆ ಟಿಕೆಟ್ ಮಾಡಿಸಿದರು. ತಾಯಿ ಹನ್ನೊಂದನೆಯ ದಿನ ಹೋದರು. ಅವರು ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ಆ ಟಿಕೆಟ್ಟಿನ ತಾರೀಖು ಇಂದಿಗೂ ನೆನಪಿದೆ.

ರೋಗದ ದಾರಿ ತಿಳಿಯುವುದು ಬೇರೆ, ಈ ದೇಹ ಆ ದಾರಿಯಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿಯುವುದು ಬೇರೆ. ಮೊದಲನೆಯದನ್ನು ಗಟ್ಟಿಯಾಗಿ ಹೇಳಬಹುದು. ಎರಡನೆಯದನ್ನು ಹೇಳುವಾಗ "ಬರುವವರು ಈಗಲೇ ಬರಲಿ" ಎಂದು ಸೇರಿಸಬೇಕು. ನಾನು ಅದನ್ನು ಆ ಮನೆಯಲ್ಲಿ ಕಲಿತೆ. ವೇದಿಕೆ ಹತ್ತಿದಾಗ ಮರೆತೆ.

2024ರಲ್ಲಿ ಮತ್ತೊಂದು ಧೂಮಕೇತು ಬಂತು, ತ್ಸುಚಿನ್‌ಶಾನ್–ಅಟ್ಲಾಸ್. ಜುಲೈನಲ್ಲಿ ಒಬ್ಬ ಹಿರಿಯ ತಜ್ಞರು ಇದು ಸೂರ್ಯನನ್ನು ತಲುಪುವ ಮೊದಲೇ ಚೂರಾಗುವುದು ಖಚಿತ ಎಂಬ ಲೇಖನವನ್ನೇ ಪ್ರಕಟಿಸಿದರು. ಸೆಪ್ಟೆಂಬರ್ 27ರಂದು ಅದು ಸೂರ್ಯನಿಂದ ಸುಮಾರು 5.9 ಕೋಟಿ ಕಿಲೋಮೀಟರಿನಲ್ಲಿ ಹಾದುಹೋಗಿ ಚೆನ್ನಾಗಿಯೇ ಹೊರಬಂತು. ಬೆಂಗಳೂರಿನ ಗೆಳೆಯರು ಬೆಳಗಿನ ಜಾವದ ಚಿತ್ರ ಕಳಿಸಿದರು. ಅದೇ ಅಕ್ಟೋಬರ್ 28ರಂದು ಅಟ್ಲಾಸ್ ಹೆಸರಿನದೇ ಇನ್ನೊಂದು, ಕ್ರಾಯ್ಟ್ಸ್ ಕುಟುಂಬದ್ದು, ಸೂರ್ಯನ ಬಳಿ ಹೇಳಹೆಸರಿಲ್ಲದಂತೆ ಕರಗಿತು.

ಈ ಸಲ ನಾನು ಕೂಟದ ಗುಂಪಿಗೆ ಹೀಗೆ ಬರೆದೆ: "ದಿನ, ದಿಕ್ಕು, ಹೊತ್ತು ಇಷ್ಟು ಖಚಿತ. ಎಷ್ಟು ಬೆಳಗುತ್ತದೆ ಗೊತ್ತಿಲ್ಲ. ಬನ್ನಿ, ಒಟ್ಟಿಗೆ ನೋಡೋಣ. ಕಾಣದಿದ್ದರೆ ಕಾಫಿಯಾದರೂ ಇದೆ." ಅಕ್ಟೋಬರ್ ನಡುವಿನ ಒಂದು ಸಂಜೆ ಊರ ಹೊರಗಿನ ಜೋಳದ ಹೊಲದ ಪಕ್ಕ ಹನ್ನೆರಡು ಕಾರು ನಿಂತವು. ಶುಕ್ರನ ಬಲಕ್ಕೆ, ಸ್ವಲ್ಪ ಮೇಲೆ, ಬಾಲ ನೆಟ್ಟಗೆ ನಿಂತಿತ್ತು. ಅಂದಿನ ಎಂಟು ವರ್ಷದ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಅವಳ ಊರಿನಿಂದ ಅದೇ ಸಂಜೆ ಒಂದು ಚಿತ್ರ ಬಂತು, ಕೆಳಗೆ ಒಂದೇ ಸಾಲು: "ಅಂಕಲ್, ಹನ್ನೊಂದು ವರ್ಷ ಲೇಟ್. ಪರವಾಗಿಲ್ಲ."

ಹ್ಯಾಲಿ ಮುಂದಿನ ಸಲ ಪುರರವಿಗೆ ಬರುವುದು 2061ರ ಜುಲೈ ಕೊನೆಯಲ್ಲಿ. ಆಗ ಭೂಮಿಯೂ ಅದೂ ಸೂರ್ಯನ ಒಂದೇ ಬದಿಗೆ ಇರುತ್ತವೆ, 1986ಕ್ಕಿಂತ ಚೆನ್ನಾಗಿ ಕಾಣಬೇಕು. ಅಷ್ಟು ಹೊತ್ತಿಗೆ ನಾನಿರುವುದಿಲ್ಲ. ಅವಳಿಗೆ ಐವತ್ತಾರು. ದಾರಿಯ ಮಟ್ಟಿಗೆ ಈ ಮಾತನ್ನು ನಂಬಿ, ಈ ಸ್ಮರಣ ಸಂಚಿಕೆಯನ್ನು ಎತ್ತಿಟ್ಟುಕೊಳ್ಳಿ ಎಂದು ಅವಳ ಓರಗೆಯ ನಮ್ಮೆಲ್ಲ ಮಕ್ಕಳಿಗೆ ಹೇಳುತ್ತೇನೆ. ಅದರ ನಡತೆಯನ್ನು ಅಂದು ನೀವೇ ನೋಡಿ, ನಿಮ್ಮ ಮಕ್ಕಳಿಗೆ ಹೇಳಿ.